ತಪ್ಪು ತಿಳಿದವರೂ ತಪ್ಪು ತಿಳಿಸಿದವರೂ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿಯೂ, ಭಾನುವಾರದ ಸಂಘದ ಕೂಟಗಳಲ್ಲಿಯೂ, ಮಾನಸರೋವರ ನಿಲ್ದಾಣದಲ್ಲಿ ಬೆಳಗಿನ ಲೋಕಲಿಗಾಗಿ ಕಾಯುವ ಹೊತ್ತಿನ ಮಾತುಕತೆಯಲ್ಲಿಯೂ ಈಚೆಗೆ ಮತ್ತೆ ಮತ್ತೆ ನನ್ನ ಮುಂದೆ ಬಂದು ನಿಲ್ಲುತ್ತಿರುವ ಪ್ರಶ್ನೆಯೊಂದುಂಟು. ಮೊಬೈಲ್ ಅಂಗಡಿಯಲ್ಲಿ ಹೇಳಿದ್ದು ಒಂದು, ತಿಂಗಳು ಕಳೆದ ಮೇಲೆ ಬಂದ ಬಿಲ್ಲು ಹೇಳುತ್ತಿರುವುದು ಇನ್ನೊಂದು. ಕಂಪನಿಯವರನ್ನು ವಿಚಾರಿಸಿದರೆ, ಷರತ್ತುಗಳಿಗೆಲ್ಲ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಒಂದೇ ಉತ್ತರ. ಹಣ ಕಟ್ಟಿ ಸುಮ್ಮನಿರುವುದೋ, ಎದುರು ನಿಂತು ಕೇಳುವುದೋ, ಕೇಳುವುದಾದರೆ ಯಾರನ್ನು ಕೇಳುವುದೋ ತಿಳಿಯದು. ಹೀಗೆ ಕೇಳುವವರಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿಯೂ ಕಾರಖಾನೆಗಳಲ್ಲಿಯೂ ಆಯುಷ್ಯವನ್ನು ಸವೆಸಿ, ಸಿಡ್ಕೊ ಕಟ್ಟಿದ ಈ ನವಿಮುಂಬಯಿಯ ತುದಿಯಲ್ಲಿ, ನಮ್ಮ ಕಾಮೋಠೆಯಲ್ಲಿ, ಒಂದು ಫ್ಲ್ಯಾಟು ಮಾಡಿಕೊಂಡಿರುವ ಕನ್ನಡಿಗರು. ವಿವಾದದ ಮೊತ್ತ ಕೆಲವು ನೂರು ರೂಪಾಯಿಗಳಿರಬಹುದು, ಕೆಲವು ಸಾವಿರವಿರಬಹುದು; ವಕೀಲರ ಮನೆಯ ಮೆಟ್ಟಿಲು ಹತ್ತುವುದಕ್ಕೆ ಅದು ತೀರ ಸಣ್ಣದು, ಬಡ್ಡಿಯ ಹಣದಲ್ಲಿ ಸಂಸಾರ ತೂಗಿಸುವ ವೃದ್ಧ ದಂಪತಿಗಳು ಮರೆತುಬಿಡುವುದಕ್ಕೆ ತೀರ ದೊಡ್ಡದು. ಈ ನಡುವಣ ಸ್ಥಿತಿಯಲ್ಲಿ ಸಿಕ್ಕಿದವರಿಗಾಗಿಯೇ ಇಂದಿನ ಬರಹ.

ಪ್ರಶ್ನೆ ಒಂದೇ ಎಂದು ತೋರಿದರೂ ಅದರಲ್ಲಿ ಎರಡು ಭಿನ್ನ ಸಂಗತಿಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡದ ಹೊರತು ಮುಂದಿನ ದಾರಿ ಕಾಣುವಂತಿಲ್ಲ. ನಾವೇ ತಪ್ಪು ತಿಳಿದುಕೊಂಡೆವೋ, ನಮಗೆ ತಪ್ಪು ತಿಳಿಸಲಾಯಿತೋ? ಕಳೆದುಕೊಂಡ ಹಣದ ದೃಷ್ಟಿಯಿಂದ ಎರಡೂ ಒಂದೇ ಆಗಿರಬಹುದು. ನ್ಯಾಯದ ದೃಷ್ಟಿಯಲ್ಲಿ ಇವೆರಡಕ್ಕೂ ಅಜಗಜಾಂತರವಿದೆ. 1872ರ ಭಾರತೀಯ ಕರಾರು ಕಾಯಿದೆ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿಯೆಂದು ತನ್ನ 13ನೆಯ ಕಲಮಿನಲ್ಲಿ ಹೇಳುತ್ತದೆ. ಅಷ್ಟನ್ನೇ ಓದಿದವರು, ನನಗೆ ಅರ್ಥವಾಗಿರಲಿಲ್ಲವಾದುದರಿಂದ ಕರಾರೇ ಇಲ್ಲವೆಂದು ವಾದಿಸಲು ಹೊರಡುವುದುಂಟು. ಆದರೆ ಅದೇ ಕಾಯಿದೆಯ 22ನೆಯ ಕಲಮು, ವಸ್ತುಸ್ಥಿತಿಯ ವಿಷಯದಲ್ಲಿ ಒಂದು ಪಕ್ಷದವನೊಬ್ಬನೇ ತಪ್ಪು ತಿಳಿದಿದ್ದನೆಂಬ ಕಾರಣ ಮಾತ್ರದಿಂದಲೇ ಕರಾರನ್ನು ಮುರಿಯಲಾಗದೆಂದು ಆ ಬಾಗಿಲನ್ನು ಮುಚ್ಚುತ್ತದೆ. ತೆರೆದಿರುವ ಬಾಗಿಲು ಬೇರೆ ಕಡೆಯಿದೆ. 18ನೆಯ ಕಲಮಿನ ಪ್ರಕಾರ, ಕರಾರಿನ ತಿರುಳಿನ ವಿಷಯದಲ್ಲಿ ಎದುರು ಪಕ್ಷದವನು ತಪ್ಪು ತಿಳಿಯುವಂತೆ ಮಾಡುವುದು, ಅದನ್ನು ಎಷ್ಟೇ ನಿಷ್ಕಪಟವಾಗಿ ಮಾಡಿದ್ದರೂ, ತಪ್ಪು ನಿರೂಪಣೆಯೇ. ಅಂಗಡಿಯ ಹುಡುಗನಿಗೆ ಮೋಸ ಮಾಡುವ ಉದ್ದೇಶವಿರಲಿಲ್ಲ, ಅವನಿಗೂ ಪ್ಲಾನಿನ ಪೂರ್ಣ ವಿವರ ಗೊತ್ತಿರಲಿಲ್ಲ ಎಂಬ ಸಮಾಧಾನದ ಮಾತು ಕಂಪನಿಯನ್ನು ಹೊಣೆಯಿಂದ ಪಾರುಮಾಡುವುದಿಲ್ಲ.

ಮೊದಲನೆಯ ಬಗೆಯನ್ನು, ಅಂದರೆ ಯಾರೂ ತಪ್ಪು ತಿಳಿಸದಿದ್ದರೂ ನಾವೇ ತಪ್ಪು ತಿಳಿಯುವ ಬಗೆಯನ್ನು, ಬೇಗನೆ ಮುಗಿಸಿಬಿಡುತ್ತೇನೆ. ಪೋಸ್ಟ್‌ಪೇಯ್ಡ್ ಸಂಪರ್ಕದ ಮೊದಲ ಬಿಲ್ಲು ಸಾಮಾನ್ಯವಾಗಿ ನಿರೀಕ್ಷೆಗಿಂತ ಹೆಚ್ಚೇ ಇರುತ್ತದೆ. ತಿಂಗಳ ನಡುವೆ ಸೇರಿದ ದಿನದಿಂದ ಬಿಲ್ಲಿನ ಆವರ್ತ ಮುಗಿಯುವವರೆಗಿನ ದಿನಗಳ ಬಾಡಿಗೆಯೂ, ಮುಂದಿನ ತಿಂಗಳ ಮುಂಗಡ ಬಾಡಿಗೆಯೂ ಒಟ್ಟಿಗೆ ಬಂದಿರುವುದೇ ಇದಕ್ಕೆ ಕಾರಣ. ಫಲಕದ ಮೇಲೆ 399 ಎಂದು ಬರೆದಿರುವ ಮಾಸಿಕ ಬಾಡಿಗೆ, ಶೇಕಡಾ 18ರ ಜಿಎಸ್‌ಟಿ ಸೇರಿ 470 ರೂಪಾಯಿ 82 ಪೈಸೆಯಾಗುತ್ತದೆ. ಪ್ರೀಪೇಯ್ಡಿನಲ್ಲಿ ತಿಂಗಳೆಂದು ನಾವು ಭಾವಿಸಿರುವುದು 28 ದಿನಗಳು. ಆ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ರೀಚಾರ್ಜು ಮಾಡಿಸಬೇಕಾಗುತ್ತದೆ. ಈ ವಿಷಯದಲ್ಲಿ ಜನರಿಂದ ದೂರುಗಳು ಬಂದುದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್, 2022ರ ಜನವರಿಯಲ್ಲಿ ಪ್ರತಿಯೊಂದು ಕಂಪನಿಯೂ 30 ದಿನಗಳ ಅವಧಿಯ ಪ್ಲಾನುಗಳನ್ನೂ, ಪ್ರತಿ ತಿಂಗಳು ಒಂದೇ ತಾರೀಖಿಗೆ ನವೀಕರಿಸುವ ಪ್ಲಾನುಗಳನ್ನೂ ಇಡಬೇಕೆಂದು ಆಜ್ಞೆ ಮಾಡಿತು. ಹಿಂದೆ ನಮ್ಮವರು ಅತ್ಯಧಿಕವಾಗಿ ಮೋಸಹೋದೆವೆಂದು ಹಲುಬುತ್ತಿದ್ದುದು ರೋಮಿಂಗಿನ ವಿಷಯದಲ್ಲಿ: ಮುಂಬಯಿಯ ಸೇವಾವಲಯ ಬೇರೆ, ಮಹಾರಾಷ್ಟ್ರ ಮತ್ತು ಗೋವೆಯ ವಲಯ ಬೇರೆ, ಕರ್ನಾಟಕದ್ದು ಬೇರೆ. ಮತ್ಸ್ಯಗಂಧ ಗಾಡಿಯಲ್ಲಿ ಊರಿಗೆ ಹೊರಟವರು ಕೊಂಕಣದ ಸುರಂಗಗಳ ನಡುವೆ ಒಳಬರುವ ಕರೆಗೂ ದುಡ್ಡು ತೆತ್ತು, ಊರು ಮುಟ್ಟುವಷ್ಟರಲ್ಲಿ ಕೈಯಲ್ಲಿದ್ದ ಬ್ಯಾಲೆನ್ಸು ಕರಗಿಹೋಗುತ್ತಿದ್ದ ಕಾಲವದು. ಇಂತಹ ಸಂಗತಿಗಳು ನಮಗೆ ಅಪ್ರಿಯವಾಗಿರಬಹುದು, ಸುಧಾರಣೆಗೂ ಅರ್ಹವಾಗಿರಬಹುದು. ಆದರೆ ಅವು ಪ್ರಕಟಿತ ನಿಯಮಕ್ಕೆ ಅನುಸಾರವಾಗಿ ನಡೆದಿದ್ದಲ್ಲಿ ಅವನ್ನು ಹಿಡಿದುಕೊಂಡು ದೂರು ಕೊಡುವುದರಿಂದ ಶ್ರಮ ವ್ಯರ್ಥವಾಗುವುದೇ ಹೊರತು ಫಲವಿಲ್ಲ.

ಎರಡನೆಯ ಬಗೆಯೇ ನಮ್ಮ ನಿಜವಾದ ವಿಷಯ. ನಮ್ಮ ಕಟ್ಟಡದಲ್ಲಿರುವ ಹಿರಿಯರೊಬ್ಬರು, ಕುಂದಾಪುರದ ಕಡೆಯವರು, ಚೆಂಬೂರಿನ ಹೋಟೆಲೊಂದರ ಗಲ್ಲದಲ್ಲಿ ಕುಳಿತು ದುಡಿದು ವಿಶ್ರಾಂತರಾದವರು, ಒಂದು ಸಂಜೆ ತಮ್ಮ ಬಿಲ್ಲನ್ನು ಮುದ್ರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಅವರೂ ಅವರ ಪತ್ನಿಯೂ ಬಳಸುತ್ತಿದ್ದ ಪ್ರೀಪೇಯ್ಡ್ ನಂಬರುಗಳನ್ನು ಒಂದು ಫ್ಯಾಮಿಲಿ ಪ್ಲಾನಿಗೆ ಬದಲಾಯಿಸಿಕೊಂಡರೆ ಇನ್ನೆರಡು ನಂಬರುಗಳು ಫ್ರೀಯೆಂದು ಅಂಗಡಿಯವನು ಹೇಳಿದ್ದನು. ಮಗಳಿಗೊಂದು, ಮೊಮ್ಮಗನ ಟ್ಯಾಬಿಗೊಂದು ಇರಲೆಂದು ಇವರು ಒಪ್ಪಿದ್ದರು. ಬಿಲ್ಲಿನ ಹಣ ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗುತ್ತಿದ್ದುದರಿಂದ ಬಹುಕಾಲ ಯಾರ ಗಮನಕ್ಕೂ ಏನೂ ಬರಲಿಲ್ಲ. ಹಳೆಯ ಬಿಲ್ಲುಗಳನ್ನೂ ತೆಗೆಸಿ ಹೊಸದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದಾಗ ಸಂಗತಿ ಹೊರಬಿತ್ತು. ಮೊದಲ ಪುಟದಲ್ಲಿ ದಪ್ಪಕ್ಷರದ ಒಟ್ಟು ಮೊತ್ತವೊಂದೇ ಇದೆ. ಒಳಗಿನ ಪುಟದಲ್ಲಿ, ಆ ಎರಡು ಜೊತೆ ನಂಬರುಗಳ ಕೆಳಗೆ, ಮೊದಲೆರಡು ತಿಂಗಳು ಮಾಸಿಕ ಬಾಡಿಗೆಯೆಂಬ ಒಂದು ಸಾಲು, ಅದರ ಕೆಳಗೆ ಅಷ್ಟೇ ಮೊತ್ತವನ್ನು ಕಳೆಯುವ ರಿಯಾಯಿತಿಯೆಂಬ ಇನ್ನೊಂದು ಸಾಲು. ಮೂರನೆಯ ತಿಂಗಳಿನಿಂದ ಬಾಡಿಗೆಯ ಸಾಲು ಮಾತ್ರ ಉಳಿದು ರಿಯಾಯಿತಿಯ ಸಾಲು ಮಾಯವಾಗಿದೆ. "ಫ್ರೀ ಅಂದ ಮೇಲೆ ಫ್ರೀಯೇ ಅಲ್ಲವೋ ಮಾರಾಯ್ರೆ? ಎಷ್ಟು ತಿಂಗಳು ಫ್ರೀ ಅಂತ ನಾನು ಯಾಕೆ ಕೇಳಬೇಕು?" ಎಂದು ಅವರು ಕೇಳಿದರು. ಇಡೀ ವಿವಾದದ ಮರ್ಮವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಕೇಳಬೇಕಾದ ಹೊಣೆ ಅವರದೋ, ಹೇಳಬೇಕಾದ ಹೊಣೆ ಮಾರುವವನದೋ?

ಕಂಪನಿಯ ಪಕ್ಷದಲ್ಲಿ ವಾದವಿಲ್ಲವೆಂದು ತಿಳಿಯಬಾರದು. ಅದೇ 1872ರ ಕಾಯಿದೆಯ 19ನೆಯ ಕಲಮು, ಸಾಧಾರಣ ಎಚ್ಚರದಿಂದ ಸತ್ಯವನ್ನು ತಿಳಿದುಕೊಳ್ಳುವ ಸಾಧನ ಕೈಯಲ್ಲಿದ್ದವನು ತಪ್ಪು ನಿರೂಪಣೆಯ ಕಾರಣವೊಡ್ಡಿ ಕರಾರನ್ನು ತಳ್ಳಿಹಾಕುವಂತಿಲ್ಲವೆನ್ನುತ್ತದೆ. ಬರಹದಲ್ಲಿರುವ ಕರಾರಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯವನ್ನು, ಮೋಸ ಮೊದಲಾದ ಕೆಲವು ಕಾರಣಗಳ ಹೊರತು, ಸ್ವೀಕರಿಸಲಾಗದೆಂಬ ಹಳೆಯ ನಿಯಮವೂ ಇದೆ. ಷರತ್ತುಗಳ ಕೊಂಡಿ ಸಂದೇಶದಲ್ಲಿ ಬಂದಿತ್ತು, ಓದಬಹುದಾಗಿತ್ತು, ಓದಲಿಲ್ಲ ಎಂದು ಅವರು ಹೇಳುವುದು ಈ ಆಧಾರದ ಮೇಲೆ. ಗ್ರಾಹಕರ ರಕ್ಷಣೆಗೆ ಕರಾರು ಕಾಯಿದೆಯೊಂದೇ ಸಾಲದೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. 2020ರ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ನಿಲುವು ಬೇರೆ. ಅನುಚಿತ ವ್ಯಾಪಾರ ಪದ್ಧತಿಯೆಂದರೇನೆಂದು ವಿವರಿಸುವಲ್ಲಿ ಅದು, ಬಾಯಿಮಾತಿನಿಂದಾಗಲಿ ಬರಹದಿಂದಾಗಲಿ ಚಿತ್ರದಿಂದಾಗಲಿ ವಿದ್ಯುನ್ಮಾನ ದಾಖಲೆಯಿಂದಾಗಲಿ ಮಾಡಿದ ಹೇಳಿಕೆಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಡುತ್ತದೆ. ಬೆಲೆಯ ವಿಷಯದಲ್ಲಿ ಜನರನ್ನು ತಪ್ಪುದಾರಿಗೆಳೆಯುವುದೂ ಅದರ ವ್ಯಾಪ್ತಿಯೊಳಗಿದೆ. ಅಂಗಡಿಯ ಗಲ್ಲದ ಬಳಿ ಆಡಿದ ಮಾತಿಗೆ ಕಾಯಿದೆ ಹೀಗೆ ತೂಕವನ್ನು ಕೊಟ್ಟಿದೆ. ಆ ಮಾತನ್ನು ಆಡಿದ್ದರೆಂದು ತೋರಿಸುವ ಕೆಲಸ ಮಾತ್ರ ನಮ್ಮದು.

ಆ ಕೆಲಸ ಈಗ ಮೊದಲಿಗಿಂತ ಕಷ್ಟವಾಗಿದೆ. ಹಿಂದೆ ಒಂದು ಕಾಗದದ ಅರ್ಜಿಯಾದರೂ ಇರುತ್ತಿತ್ತು; ಅದರ ಮೇಲೆ ಭಾವಚಿತ್ರ, ಸಹಿ, ಪ್ಲಾನಿನ ಹೆಸರು. 2024ರ ಜನವರಿ 1ರಿಂದ ಕಾಗದದ ಮೂಲಕ ಕೆವೈಸಿ ಮಾಡುವ ಪದ್ಧತಿ ನಿಂತುಹೋಗಿದ್ದು, ಎಲ್ಲವೂ ಅಂಗಡಿಯವನ ಫೋನಿನಲ್ಲಿ ನಡೆಯುತ್ತದೆ. ಅವನು ನಮ್ಮ ಮುಖದ ಫೋಟೋ ತೆಗೆಯುತ್ತಾನೆ, ಆಧಾರಿನ ವಿವರ ತುಂಬುತ್ತಾನೆ, ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಪುಟದಿಂದ ಪುಟಕ್ಕೆ ಒತ್ತುತ್ತ ಹೋಗುತ್ತಾನೆ, ಕೊನೆಗೆ "ಅಂಕಲ್, ಒಟಿಪಿ ಹೇಳಿ" ಎನ್ನುತ್ತಾನೆ. ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಆ ಅಂಕಿಗಳನ್ನು ಓದಿ ಹೇಳುತ್ತಾರೆ. ಅಂಕಿಗಳನ್ನು ಓದಿ ಹೇಳಿದ ಆ ಗಳಿಗೆಯೇ ಸಹಿ ಹಾಕಿದ ಗಳಿಗೆಯೆಂದು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಷರತ್ತುಗಳು ಇಂಗ್ಲಿಷಿನಲ್ಲಿ, ಹುಡುಗನ ಮಾತು ಹಿಂದಿಯಲ್ಲಿ ಇಲ್ಲವೆ ಮರಾಠಿಯಲ್ಲಿ, ಕೇಳುವವರು ಮನಸ್ಸಿನಲ್ಲಿ ಅರ್ಥಮಾಡಿಕೊಳ್ಳುವುದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ; ಸಮ್ಮತಿಯೆಂಬುದು ಇಷ್ಟು ಕವಲುಗಳನ್ನು ದಾಟಿ ಬರಬೇಕಾಗಿರುವಾಗ ಅದು ಒಂದೇ ಅರ್ಥದಲ್ಲಿ ಇಬ್ಬರನ್ನೂ ಮುಟ್ಟಿತೆಂದು ಹೇಗೆ ನಂಬುವುದು?

ಅದೃಷ್ಟವಶಾತ್ ನಮ್ಮ ನೆರೆಯವರ ಬಳಿ ಒಂದು ಆಧಾರವಿತ್ತು. ಪ್ಲಾನು ಬದಲಾಯಿಸುವ ಮುನ್ನಾದಿನ ಅಂಗಡಿಯವನು ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಜಾಹೀರಾತಿನ ಚಿತ್ರ ಅವರ ಫೋನಿನಲ್ಲಿ ಹಾಗೆಯೇ ಉಳಿದಿತ್ತು. ಅದರಲ್ಲಿ ಎರಡು ನಂಬರು ಫ್ರೀಯೆಂದು ದೊಡ್ಡಕ್ಷರದಲ್ಲಿತ್ತು, ಅವಧಿಯ ಮಾತು ಎಲ್ಲಿಯೂ ಇರಲಿಲ್ಲ. ಆದರೂ ಅವರು ತಾವಾಗಿ ಬರೆದು ತಂದಿದ್ದ ದೂರಿನಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. ತಮಗೆ ಇಂಗ್ಲಿಷು ಬಾರದು, ವಯಸ್ಸಾಗಿದೆ, ಷರತ್ತುಗಳು ಅರ್ಥವಾಗಲಿಲ್ಲ, ದಯವಿಟ್ಟು ಬಿಲ್ಲು ಕಡಿಮೆ ಮಾಡಬೇಕು ಎಂದು ವಿನಯದಿಂದ ಬೇಡಿಕೊಂಡಿದ್ದರು. ಸಜ್ಜನರೊಬ್ಬರು ತಮಗೆ ಅನ್ಯಾಯವಾದ ಸಂದರ್ಭದಲ್ಲಿ ತಮ್ಮದೇ ಕೊರತೆಯನ್ನು ಮುಂದೆ ಮಾಡಿಕೊಂಡು ಬೇಡುವುದನ್ನು ಕಂಡು ನನಗೆ ಬಹಳ ವ್ಯಥೆಯಾಯಿತು. ಅಷ್ಟೇ ಅಲ್ಲ, ಆ ದೂರು 22ನೆಯ ಕಲಮಿನ ಮುಚ್ಚಿದ ಬಾಗಿಲನ್ನೇ ತಟ್ಟುತ್ತಿತ್ತು. ಅದನ್ನು ಹರಿದು ಹೊಸದನ್ನು ಬರೆದೆವು: ಇಂಥ ತಾರೀಖು, ಇಂಥ ಅಂಗಡಿ, ಇಂಥವನು ಹೇಳಿದ ಮಾತು ಇದು, ಆ ಮಾತಿಗೆ ಆಧಾರವಾದ ಚಿತ್ರ ಇದು, ಅವಧಿಯನ್ನು ತಿಳಿಸಲಿಲ್ಲ, ಮೂರನೆಯ ತಿಂಗಳಿನಿಂದ ವಸೂಲು ಮಾಡಿರುವ ಬಾಡಿಗೆ ಇಷ್ಟು, ಅದರ ಮೇಲಿನ ತೆರಿಗೆ ಇಷ್ಟು, ಇದನ್ನು ಹಿಂದಿರುಗಿಸಿ ಆ ಎರಡು ನಂಬರುಗಳನ್ನು ದಂಡವಿಲ್ಲದೆ ಮುಚ್ಚತಕ್ಕದ್ದು. ಅರ್ಥವಾಗಲಿಲ್ಲವೆಂಬ ಮಾತನ್ನು ಒಂದು ಕಡೆಯೂ ಬಳಸಲಿಲ್ಲ. ಓದುಗರು ನನ್ನಿಂದ ಒಂದೇ ಸಲಹೆಯನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ನಿಮ್ಮ ಮನಸ್ಸಿನೊಳಗೆ ಏನಿತ್ತೆಂಬುದನ್ನು ಬರೆಯಬೇಡಿ, ಅವರು ಹೊರಗೆ ಏನು ಹೇಳಿದರೆಂಬುದನ್ನು ಬರೆಯಿರಿ.

ದೂರನ್ನು ಮೊದಲು ಕೊಡಬೇಕಾದದ್ದು ಅಂಗಡಿಯಲ್ಲಲ್ಲ, ಕಂಪನಿಯ ದೂರು ಕೇಂದ್ರದಲ್ಲಿ. 2012ರ ಜನವರಿಯಲ್ಲಿ ಟ್ರಾಯ್ ಹೊರಡಿಸಿದ ನಿಯಮಾವಳಿಯಂತೆ ಪ್ರತಿಯೊಂದು ಕಂಪನಿಯಲ್ಲಿಯೂ ಎರಡು ಹಂತಗಳಿರಬೇಕು. 198ಕ್ಕೆ ಕರೆಮಾಡಿದರೆ ದೂರು ಕೇಂದ್ರ ಸಿಗುತ್ತದೆ; ದೂರು ದಾಖಲಾದೊಡನೆ ಒಂದು ಡಾಕೆಟ್ ನಂಬರನ್ನು ಕೊಟ್ಟು ಅದನ್ನು ಎಸ್ಎಮ್ಎಸ್ಸಿನಲ್ಲಿಯೂ ಕಳಿಸಬೇಕು. ನಂಬರಿಲ್ಲದ ದೂರು ಮಾತುಕತೆಯ ಲೆಕ್ಕಕ್ಕೆ ಸೇರುತ್ತದೆಯೇ ವಿನಾ ದೂರಿನ ಲೆಕ್ಕಕ್ಕಲ್ಲ. ಅಲ್ಲಿಯ ಉತ್ತರ ಸಮಾಧಾನಕರವಲ್ಲದಿದ್ದರೆ ಮೂವತ್ತು ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಯಾವ ಶುಲ್ಕವೂ ಇಲ್ಲದೆ, ಮನವಿ ಮಾಡಬಹುದು. ಅದು 39 ದಿನಗಳಲ್ಲಿ ತೀರ್ಮಾನವಾಗಬೇಕು. ಟ್ರಾಯಿಗೇ ನೇರವಾಗಿ ಬರೆಯುತ್ತೇವೆಂದು ಹಲವರು ಹೇಳುತ್ತಾರೆ. ಆ ಪ್ರಾಧಿಕಾರವು ನಿಯಮಗಳನ್ನು ಮಾಡುವುದಕ್ಕಾಗಿ ಇರುವುದು. ಒಬ್ಬೊಬ್ಬರ ಬಿಲ್ಲಿನ ವಿವಾದವನ್ನು ಅದು ವಿಚಾರಿಸುವುದಿಲ್ಲ. ಬದಲಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ನಂಬರಿಗೆ ಕರೆಮಾಡುವುದು ಉಪಯುಕ್ತ. ಮುಂಬಯಿ ಸೇರಿ ಎಷ್ಟು ವರ್ಷವಾಗಿದ್ದರೂ ಸಂಕಟದ ಸಮಯದಲ್ಲಿ ಕನ್ನಡವೇ ಬಾಯಿಗೆ ಬರುವವರಿಗೆ ಸಂತೋಷದ ವಿಷಯವೆಂದರೆ, ಆ ಸಹಾಯವಾಣಿಯ ಹದಿನೇಳು ಭಾಷೆಗಳಲ್ಲಿ ಕನ್ನಡವೂ ಒಂದು. ಕೇಳದೆಯೇ ಫೋನಿಗೆ ಅಂಟಿಕೊಂಡ ಕಾಲರ್ ಟ್ಯೂನು, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿಗಳಂತಹ ಸೇವೆಗಳನ್ನು ಕಿತ್ತುಹಾಕುವುದಕ್ಕೆ ಮಾತ್ರ 155223 ಎಂಬ ಬೇರೆಯೇ ನಂಬರಿದೆ. 2013ರಿಂದ ಅಂತಹ ಸೇವೆಗೆ ಗ್ರಾಹಕನ ಎರಡು ಸಲದ ದೃಢೀಕರಣ ಕಡ್ಡಾಯವಾಗಿರುವುದರಿಂದ ಆ ವಿವಾದ ಹೆಚ್ಚು ಬೆಳೆಯುವುದಿಲ್ಲ.

ಕಂಪನಿಯೊಳಗೆ ನ್ಯಾಯ ಸಿಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಬಹುಕಾಲ ಹೌದೆಂದು ಧೈರ್ಯವಾಗಿ ಹೇಳುವಂತಿರಲಿಲ್ಲ. 2009ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಕೋಳಿಕ್ಕೋಡಿನ ಟೆಲಿಫೋನ್ ಗ್ರಾಹಕರೊಬ್ಬರ ಮೊಕದ್ದಮೆಯಲ್ಲಿ, 1885ರ ಟೆಲಿಗ್ರಾಫ್ ಕಾಯಿದೆಯ 7ಬಿ ಕಲಮು ಇಂತಹ ವಿವಾದಗಳಿಗೆ ಮಧ್ಯಸ್ಥಿಕೆಯ ವಿಶೇಷ ಮಾರ್ಗವನ್ನು ಹೇಳಿರುವುದರಿಂದ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚಿದೆಯೆಂದು ತೀರ್ಪಿತ್ತಿತು. ತಂತಿ ಕಳಿಸುವ ಕಾಲಕ್ಕೆಂದು ಹುಟ್ಟಿದ ಕಾಯಿದೆಯ ಆ ಕಲಮು, ಮೊಬೈಲ್ ಗ್ರಾಹಕರಿಗೆ ವರ್ಷಗಟ್ಟಲೆ ಅಡ್ಡಿಯಾಗಿ ನಿಂತಿತು. ಅದನ್ನು ಸರಿಸಿದ್ದು ಅಹ್ಮದಾಬಾದಿನ ಗ್ರಾಹಕರೊಬ್ಬರ ಹಟ. ಮಾಸಿಕ ಬಾಡಿಗೆ 249 ರೂಪಾಯಿ, ಸರಾಸರಿ ಬಿಲ್ಲು 555 ರೂಪಾಯಿ ಇದ್ದ ಅವರಿಗೆ 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಬಿಲ್ಲು 24,609 ರೂಪಾಯಿ 51 ಪೈಸೆ ಬಂದಿತೆಂಬುದು ಅವರ ದೂರು. ಅವರೂ ಕ್ರೆಡಿಟ್ ಕಾರ್ಡಿನಿಂದ ತಾನಾಗಿ ಹಣ ಸಂದಾಯವಾಗುವ ಏರ್ಪಾಟು ಮಾಡಿಕೊಂಡಿದ್ದವರೇ. 2014ರ ಮೇ ತಿಂಗಳಲ್ಲಿ ಅವರು ಜಿಲ್ಲಾ ವೇದಿಕೆಯ ಮೊರೆಹೊಕ್ಕರು. ವೊಡಾಫೋನ್ ಐಡಿಯಾ ಕಂಪನಿಯು ವೇದಿಕೆಗೆ ಅಧಿಕಾರವೇ ಇಲ್ಲವೆಂದು ಎತ್ತಿದ ತಕರಾರು ಮೆಟ್ಟಿಲು ಮೆಟ್ಟಿಲಾಗಿ ಏರಿ ಸುಪ್ರೀಂ ಕೋರ್ಟನ್ನು ಮುಟ್ಟಿ, 2022ರ ಫೆಬ್ರವರಿ 16ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಬಿಲ್ಲು ಸರಿಯೇ ತಪ್ಪೇ ಎಂಬುದನ್ನು ನ್ಯಾಯಾಲಯ ಅಲ್ಲಿ ನಿರ್ಣಯಿಸಲಿಲ್ಲ. ಮಧ್ಯಸ್ಥಿಕೆಯ ದಾರಿ ಹಿಡಿಯುವುದು ಗ್ರಾಹಕನ ಇಚ್ಛೆ, ಅವನನ್ನು ಅದಕ್ಕೆ ಬಲವಂತಪಡಿಸಲಾಗದು, ಗ್ರಾಹಕ ವೇದಿಕೆಯ ಅಧಿಕಾರ ಅಬಾಧಿತ ಎಂಬಷ್ಟನ್ನು ಹೇಳಿತು. ಅಷ್ಟೇ ಬೇಕಾಗಿದ್ದದ್ದು. 2019ರ ಕಾಯಿದೆಯಂತೂ ಸೇವೆಯ ವ್ಯಾಖ್ಯೆಯಲ್ಲಿ ದೂರಸಂಪರ್ಕವನ್ನು ಹೆಸರಿಟ್ಟೇ ಸೇರಿಸಿದೆ. ಇಂದಿಗೂ ಹಳೆಯ ತೀರ್ಪಿನ ನೆನಪಿನಲ್ಲಿ, ಮೊಬೈಲಿನ ವಿಷಯ ಗ್ರಾಹಕ ಆಯೋಗಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸುವವರು ಸಿಗುತ್ತಾರೆ. ಅವರ ಮಾತನ್ನು ನಂಬಬೇಕಾಗಿಲ್ಲ.

ಯಾವ ಆಯೋಗ ಎಂಬಲ್ಲಿ ನಮ್ಮೂರಿನವರಿಗೆ ವಿಶೇಷವಾದ ಒಂದು ತೊಡಕಿದೆ. ಕಾಮೋಠೆಯವರೆಲ್ಲ ನಾವು ನವಿಮುಂಬಯಿಯವರೆಂದೇ ಹೇಳಿಕೊಳ್ಳುತ್ತೇವೆ. ಆದರೆ ಆಡಳಿತದ ಲೆಕ್ಕದಲ್ಲಿ ವಾಶಿ, ನೆರೂಳ್, ಬೇಲಾಪುರಗಳು ಠಾಣೆ ಜಿಲ್ಲೆಗೆ ಸೇರಿದ್ದರೆ, ಖಾರಘರ್, ಕಾಮೋಠೆ, ಕಳಂಬೋಲಿಗಳು ಪನವೇಲ್ ತಾಲೂಕಿನವು, ರಾಯಗಡ ಜಿಲ್ಲೆಯವು. 2016ರ ಅಕ್ಟೋಬರ್ 1ರಿಂದ ಪನವೇಲ್ ಮಹಾನಗರಪಾಲಿಕೆಯವು. ಠಾಣೆಯ ಹೆಚ್ಚುವರಿ ಗ್ರಾಹಕ ಆಯೋಗ ಬೇಲಾಪುರದ ಕೊಂಕಣ ಭವನದಲ್ಲಿದೆ, ಲೋಕಲಿನಲ್ಲಿ ಕೆಲವೇ ನಿಲ್ದಾಣಗಳ ದೂರ. ರಾಯಗಡದ ಆಯೋಗವಿರುವುದು ಅಲೀಬಾಗಿನಲ್ಲಿ. ಪೇಣ್ ದಾಟಿ, ವಡಖಳ್ ದಾಟಿ, ಸಮುದ್ರದ ದಂಡೆಗೆ ಹೋಗಬೇಕು. ವಾಸಸ್ಥಳವನ್ನೇ ನೋಡುವುದಾದರೆ ಕಾಮೋಠೆಯವನ ಆಯೋಗ ಅಲೀಬಾಗಿನದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ದೂರುದಾರನು ವಾಸಿಸುವ ಸ್ಥಳದಲ್ಲಿ ಮಾತ್ರವಲ್ಲದೆ ಅವನು ಸ್ವತಃ ದುಡಿಯುವ ಸ್ಥಳದಲ್ಲಿಯೂ, ವಿವಾದಕ್ಕೆ ಕಾರಣವಾದ ಸಂಗತಿ ನಡೆದ ಸ್ಥಳದಲ್ಲಿಯೂ ದೂರು ಕೊಡಲು ಅವಕಾಶ ಕೊಟ್ಟಿದೆ. ಆದುದರಿಂದ ಕಾಮೋಠೆಯಲ್ಲಿದ್ದು ವಾಶಿಯಲ್ಲಿ ನೌಕರಿ ಮಾಡುವವನು, ಅಥವಾ ನೆರೂಳಿನ ಅಂಗಡಿಯಲ್ಲಿ ಸಿಮ್ ಕೊಂಡವನು, ಬೇಲಾಪುರದಲ್ಲಿಯೇ ದೂರು ಸಲ್ಲಿಸಬಹುದು. ವಿಶ್ರಾಂತ ಜೀವನದಲ್ಲಿದ್ದು ಇಲ್ಲಿಯೇ ಸಿಮ್ ಕೊಂಡವರು ಅಲೀಬಾಗಿಗೆ ದೂರನ್ನು ಆನ್‌ಲೈನಿನಲ್ಲಿ ಕಳಿಸಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಏರ್ಪಾಟು ಅದಕ್ಕಾಗಿಯೇ ನಡೆಯುತ್ತಿದೆ. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೇಳಿಕೊಳ್ಳುವ ಹಕ್ಕನ್ನೂ ಕಾಯಿದೆ ಕೊಟ್ಟಿದೆ. ತೆತ್ತ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು; ವಿವಾದ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕೆಂಬುದೊಂದನ್ನು ಮರೆಯಬಾರದು.

ಈ ಕಾಯಿದೆಯಲ್ಲಿ ನನಗೆ ಸರಿಕಾಣದ ಸಂಗತಿಯೊಂದುಂಟು. ಅನ್ಯಾಯದ ಕರಾರು ಎಂಬ ಹೊಸ ಪರಿಕಲ್ಪನೆಯನ್ನು ಅದು ತಂದಿತು. ಗ್ರಾಹಕನ ಮೇಲೆ ಅತಿಯಾದ ದಂಡ ಹೇರುವ, ಕಾರಣವಿಲ್ಲದೆ ಒಂದೇ ಪಕ್ಷ ಮುರಿಯಬಹುದಾದ, ಅಸಮಂಜಸ ಹೊರೆ ಹೊರಿಸುವ ಷರತ್ತುಗಳನ್ನು ಅಸಿಂಧುವೆಂದು ಸಾರಬಹುದೆಂದಿತು. 1986ರಲ್ಲಿಯೇ ಸುಪ್ರೀಂ ಕೋರ್ಟು ಬ್ರಜನಾಥ ಗಂಗೂಲಿಯವರ ಮೊಕದ್ದಮೆಯಲ್ಲಿ, ಚೌಕಾಶಿಯ ಬಲವಿಲ್ಲದವನು ಚುಕ್ಕೆಗಳ ಗೆರೆಯ ಮೇಲೆ ಸಹಿ ಹಾಕದೆ ಗತ್ಯಂತರವಿಲ್ಲದ ಕರಾರುಗಳನ್ನು ಕುರಿತು ಆಡಿದ್ದ ವಿವೇಕದ ಮಾತಿಗೆ ಇದು ತಕ್ಕ ಫಲ. ಆದರೆ ಆ ಅಧಿಕಾರವನ್ನು ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಕೊಟ್ಟು, ಜಿಲ್ಲಾ ಆಯೋಗಕ್ಕೆ ಕೊಡಲಿಲ್ಲ. ಕೋಟಿಗಟ್ಟಲೆಯ ಕಟ್ಟಡದ ವ್ಯವಹಾರಕ್ಕೆ ಅದು ಸರಿಯಿರಬಹುದು. ತಿಂಗಳಿಗೆ ಮುನ್ನೂರು ರೂಪಾಯಿಯ ಕರಾರಿನಲ್ಲಿ ಅನ್ಯಾಯದ ಷರತ್ತಿದೆಯೆಂದು ಹೇಳಬೇಕಾದ ಬಡವನು ರಾಜ್ಯದ ರಾಜಧಾನಿಯವರೆಗೆ ಹೋಗಬೇಕೆಂಬುದು ಹೇಗೆ ಸರಿಯಾದೀತು? ಸದ್ಯಕ್ಕೆ ಜಿಲ್ಲೆಯಲ್ಲಿ ದೂರು ಕೊಡುವವರು ಷರತ್ತನ್ನೇ ರದ್ದುಮಾಡಿರೆಂದು ಕೇಳದೆ, ಅನುಚಿತ ವ್ಯಾಪಾರ ಪದ್ಧತಿಯಿಂದಲೂ ಸೇವೆಯ ನ್ಯೂನತೆಯಿಂದಲೂ ತಮಗಾದ ನಷ್ಟವನ್ನು ಕೊಡಿಸಿರೆಂದು ಕೇಳುವುದೇ ಕ್ಷೇಮ.

ವಿವಾದ ನಡೆಯುತ್ತಿರುವಾಗ ಬಿಲ್ಲನ್ನು ಕಟ್ಟಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಒಪ್ಪಿದ ಭಾಗವನ್ನು ತಪ್ಪದೆ ಕಟ್ಟಿ, ಒಪ್ಪದ ಭಾಗವನ್ನು ಡಾಕೆಟ್ ನಂಬರಿನ ಸಹಿತ ಬರಹದಲ್ಲಿ ಆಕ್ಷೇಪಿಸಿ; ಬ್ಯಾಂಕಿನ ಸ್ವಯಂಕಡಿತವನ್ನು ಮೊದಲು ನಿಲ್ಲಿಸಿ. ಕೋಪದಿಂದ ಎಲ್ಲವನ್ನೂ ತಡೆಹಿಡಿದರೆ ಸಂಪರ್ಕ ಕಡಿದುಹೋಗುತ್ತದೆ, ಬ್ಯಾಂಕಿನ, ಪಿಂಚಣಿಯ, ಆಧಾರಿನ ಒಟಿಪಿಗಳೆಲ್ಲ ಬರುವ ಆ ನಂಬರೇ ಕೈತಪ್ಪುವ ಸಂಭವವುಂಟು. 1900ಕ್ಕೆ ಸಂದೇಶ ಕಳಿಸಿ ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಂಡರೆ ಹಳೆಯ ಬಾಕಿ ಅಳಿಸಿಹೋಗುವುದೆಂಬ ನಂಬಿಕೆಯೂ ಸರಿಯಲ್ಲ. ಗಡುವು ಮೀರಿದ ಬಾಕಿಯಿದ್ದರೆ ಪೋರ್ಟಿಂಗ್ ಕೋರಿಕೆಯೇ ತಿರಸ್ಕೃತವಾಗುತ್ತದೆ.

ನಮ್ಮ ನೆರೆಯವರ ದೂರಿಗೆ ದೂರು ಕೇಂದ್ರದವರು ಸೌಹಾರ್ದದ ಕುರುಹಾಗಿ ಒಂದು ತಿಂಗಳ ಬಾಡಿಗೆಯನ್ನು ಬಿಟ್ಟುಕೊಡುವುದಾಗಿ ಹೇಳಿದರು. ಸೌಹಾರ್ದವನ್ನು ನಾವು ಕೇಳಿರಲಿಲ್ಲವಾದುದರಿಂದ ನೆರೆಯವರು ಅದನ್ನು ಒಪ್ಪದೆ ಮೇಲ್ಮನವಿ ಮಾಡಿದರು. ಅಲ್ಲಿ ವಾಟ್ಸ್ಆ್ಯಪಿನ ಚಿತ್ರವನ್ನು ನೋಡಿದ ಮೇಲೆ ಮೂರನೆಯ ತಿಂಗಳಿನಿಂದ ವಸೂಲಾಗಿದ್ದ ಎರಡೂ ನಂಬರುಗಳ ಬಾಡಿಗೆಯನ್ನು ತೆರಿಗೆಸಹಿತ ಮುಂದಿನ ಬಿಲ್ಲುಗಳಲ್ಲಿ ವಜಾ ಮಾಡಿಕೊಡುವಂತೆ ಆದೇಶವಾಯಿತು. ನಂಬರುಗಳು ದಂಡವಿಲ್ಲದೆ ಮುಚ್ಚಿದವು. ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಅವರ ಬಳಿ ಆ ಚಿತ್ರವಿಲ್ಲದಿದ್ದರೆ ಏನಾಗುತ್ತಿತ್ತೆಂಬುದೇ ನನ್ನನ್ನು ಅನಂತರವೂ ಕಾಡುತ್ತಿರುವ ಚಿಂತೆ. ಹೇಳಿದ ಮಾತು ಅದೇ, ಆದ ನಷ್ಟ ಅದೇ, ಸತ್ಯವೂ ಅದೇ. ಆದರೆ ಚಿತ್ರವನ್ನು ಅಳಿಸಿಹಾಕಿದ್ದ ಇನ್ನೊಬ್ಬ ವೃದ್ಧನಿಗೆ ಪ್ರಾಯಶಃ ಆ ಒಂದು ತಿಂಗಳ ಸೌಹಾರ್ದವೇ ಗತಿಯಾಗುತ್ತಿತ್ತು.

ಬೆಲೆ, ಅವಧಿ, ಮಿತಿಗಳನ್ನು ಅಂಗಡಿಗಳಲ್ಲಿಯೂ ಆ್ಯಪಿನಲ್ಲಿಯೂ ಮರೆಮಾಚದೆ ಪ್ರಕಟಿಸಬೇಕೆಂದು ಟ್ರಾಯ್ 2020ರ ಸೆಪ್ಟೆಂಬರಿನಲ್ಲಿ ನಿರ್ದೇಶಿಸಿದೆ. ಗೊತ್ತಾಗದಂತೆ ಚಂದಾದಾರರನ್ನಾಗಿ ಮಾಡಿ ಹೊರಬರಲಾಗದಂತೆ ಸಿಕ್ಕಿಸುವ ಪದ್ಧತಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಇವೆಲ್ಲ ಒಳ್ಳೆಯವೇ. ಆದರೆ ಸಮ್ಮತಿಯ ಗಳಿಗೆ ಇರುವುದು ಫಲಕದಲ್ಲಲ್ಲ, ಒಟಿಪಿಯ ಸಂದೇಶದಲ್ಲಿ. ತೆರಿಗೆ ಸೇರಿ ತಿಂಗಳಿಗೆ ತೆರಬೇಕಾದದ್ದೆಷ್ಟು, ಫ್ರೀಯೆಂದು ಕೊಟ್ಟದ್ದು ಯಾವ ತಾರೀಖಿಗೆ ಮುಗಿಯುತ್ತದೆ, ಬಿಡಬೇಕಾದರೆ ದಂಡವೆಷ್ಟು ಎಂಬ ಮೂರು ಮಾತುಗಳನ್ನು ಆ ಅಂಕಿಗಳ ಮೇಲೆಯೇ, ಗ್ರಾಹಕನು ಆರಿಸಿದ ಭಾಷೆಯಲ್ಲಿ, ಮರಾಠಿಯಾದರೆ ಮರಾಠಿ, ಕನ್ನಡವಾದರೆ ಕನ್ನಡ, ಬರೆದು ಕಳಿಸುವುದು ಕಂಪನಿಗಳಿಗೆ ಕಡ್ಡಾಯವಾಗಬೇಕು. ಆ ಸಂದೇಶ ಇಬ್ಬರ ಬಳಿಯೂ ಉಳಿಯುತ್ತದೆ. ತಪ್ಪು ತಿಳಿದವರಾರು, ತಪ್ಪು ತಿಳಿಸಿದವರಾರು ಎಂಬುದನ್ನು ನಿರ್ಣಯಿಸಲು ಯಾರೂ ಅಲೀಬಾಗಿಗೆ ಹೋಗಬೇಕಾಗಿ ಬರುವುದಿಲ್ಲ.